ಬಿನ್ನಹವೂ ಆಜ್ಞೆಯೂ: ಕನ್‌ಫ್ಯೂಷಿಯಸನ ಮಂತ್ರಿಧರ್ಮ ಮತ್ತು ‘ಚಿಕವೀರ ರಾಜೇಂದ್ರ’

ಇಮ್ಮಡಿ ಪುಲಕೇಶಿಯು ಬಾದಾಮಿಯಿಂದ ಆಳುತ್ತಿದ್ದ ಕಾಲದಲ್ಲಿ, ಕ್ರಿ. ಶ. 641ರ ಸುಮಾರಿಗೆ, ಅವನ ರಾಜ್ಯವನ್ನು ಕಂಡು ಹೋದ ಚೀನೀ ಯಾತ್ರಿಕನಾದ ಹ್ಯುಯೆನ್‌ತ್ಸಾಂಗನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಹರ್ಷವರ್ಧನನಿಗೆ ಬಗ್ಗದ ಅರಸು. ಉಪಕಾರವನ್ನು ಮರೆಯದ, ಅಪಕಾರವನ್ನು ಕ್ಷಮಿಸದ ಜನ. ಸೋತು ಬಂದ ದಂಡನಾಯಕನಿಗೆ ಶಿಕ್ಷೆಯಿಲ್ಲ, ಹೆಣ್ಣುಡುಗೆಯೊಂದನ್ನು ಕೊಡಿಸುವರು, ಅಷ್ಟರಿಂದಲೇ ಅವನು ನಾಚಿ ಪ್ರಾಣ ಬಿಡುವುದೂ ಉಂಟು: ಇವೇ ಮುಂತಾಗಿ ಅವನು ಬರೆದುದನ್ನು ನಾವು ಅಭಿಮಾನದಿಂದ ಎತ್ತಿ ಹೇಳುತ್ತೇವೆ. ಆದರೆ ಆ ಭಿಕ್ಷುವು ಹುಟ್ಟಿ ಬೆಳೆದ ಮನೆಯ ವಿಚಾರ ನಮ್ಮಲ್ಲಿ ಅಷ್ಟಾಗಿ ಪ್ರಸ್ತಾಪವಾಗುವುದಿಲ್ಲ. ಅದು ಕನ್‌ಫ್ಯೂಷಿಯಸನ ಸಂಪ್ರದಾಯವನ್ನು ನಡಸಿಕೊಂಡು ಬಂದ ಮನೆ. ಹುಡುಗನಿಗೆ ಎಂಟು ವರ್ಷವಾಗಿದ್ದಾಗ ತಂದೆಯು ಅವನನ್ನು ಎದುರಿಗೆ ಕೂರಿಸಿಕೊಂಡು ಪಿತೃಭಕ್ತಿಯ ಗ್ರಂಥವನ್ನು ಪಾಠ ಹೇಳುತ್ತಿದ್ದನಂತೆ. ಗುರುವು ಮಾತನಾಡಿಸಲು ಶಿಷ್ಯನು ಚಾಪೆ ಬಿಟ್ಟು ಎದ್ದು ನಿಂತನೆಂಬ ಪ್ರಸಂಗ ಬಂದಿತು. ಕೂಡಲೇ ಬಾಲಕನು ಉಡುಪನ್ನು ಸರಿಪಡಿಸಿಕೊಂಡು ತಾನೂ ಎದ್ದು ನಿಂತನು. ಗುರುವಿನ ಮಾತಿಗೆ ಆ ಶಿಷ್ಯನೇ ಎದ್ದು ನಿಂತಿರುವಾಗ ತಂದೆಯ ಮಾತು ಕೇಳುತ್ತ ತಾನು ಕುಳಿತಿರುವುದು ಹೇಗೆ ಎಂಬುದು ಅವನ ಸಮಾಧಾನ.

ಈ ಕಥೆಯನ್ನು ಓದಿದವರು ಹುಡುಗನನ್ನು ನೆನಪಿನಲ್ಲಿಟ್ಟುಕೊಳ್ಳುತ್ತಾರೆ, ತಂದೆಯನ್ನು ಮರೆಯುತ್ತಾರೆ. ಆ ತಂದೆಯು ಬಹುಶ್ರುತನಾದ ಪಂಡಿತ. ಕಾಲ ಕೆಟ್ಟಿತೆಂದು ಸರ್ಕಾರದ ಅಧಿಕಾರವನ್ನು ಬಿಟ್ಟು, ಕರೆ ಬಂದರೂ ಒಲ್ಲೆನೆಂದು, ಮನೆಯಲ್ಲಿ ಗ್ರಂಥಾವಲೋಕನ ಮಾಡಿಕೊಂಡಿದ್ದವನು. ಹಿರಿಯರ ಮುಂದೆ ಎದ್ದು ನಿಲ್ಲುವುದೊಂದು, ಸಲ್ಲದ ಪ್ರಭುತ್ವದಿಂದ ಎದ್ದು ಹೋಗುವುದೊಂದು. ಎರಡೂ ಒಂದೇ ಮನೆಯ ವಿದ್ಯೆ. ಲೋಕವು ಮೊದಲನೆಯದನ್ನೇ ಕನ್‌ಫ್ಯೂಷಿಯಸನ ಮತವೆಂದು ತಿಳಿದಿದೆ. ನಮ್ಮಲ್ಲಿಯೂ ‘ತಂದೆ ಹೇಳಿದಂತೆ ಮಗ, ದೊರೆ ಹೇಳಿದಂತೆ ಪ್ರಜೆ’ ಎಂಬ ಒಣ ವಿಧೇಯತೆಯೇ ಆ ಮಹನೀಯನ ಬೋಧೆಯೆಂದು ಉಪನ್ಯಾಸಕರು ಹೇಳಿಬಿಡುವುದುಂಟು. ಎರಡನೆಯ ಅರ್ಧವನ್ನು ಕಾಣದೆ ಚೀನಾದ ರಾಜ್ಯಪದ್ಧತಿಯನ್ನು ತಿಳಿಯಲಾಗದು. ಅದು ಮಾತ್ರವಲ್ಲ, ನಮ್ಮ ಒಂದು ದೊಡ್ಡ ಕಾದಂಬರಿಯ ಮರ್ಮವೂ ಅದರ ಬೆಳಕಿನಲ್ಲಿ ಹೊಸದಾಗಿ ತೋರುತ್ತದೆಂಬುದು ಈ ಲೇಖಕನ ಅಭಿಪ್ರಾಯ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ವೇ (1956) ಆ ಕಾದಂಬರಿ.

ಕನ್‌ಫ್ಯೂಷಿಯಸನು ಕ್ರಿ. ಪೂ. 551ರಿಂದ 479ರವರೆಗೆ ಜೀವಿಸಿದ್ದನು. ಹುಟ್ಟಿದ್ದು ಲೂ ಎಂಬ ಸಣ್ಣ ಸಂಸ್ಥಾನದಲ್ಲಿ. ಅವನ ಹೆಸರಿನಲ್ಲಿ ನಮಗೆ ದೊರೆತಿರುವ ‘ಲುನ್ ಯು’ ಎಂಬ ಗ್ರಂಥವು ಇಪ್ಪತ್ತು ಅಧ್ಯಾಯಗಳದು. ಶಿಷ್ಯರೂ ಶಿಷ್ಯರ ಶಿಷ್ಯರೂ ಕೂಡಿಸಿದ್ದು. ಅದರಲ್ಲಿ ಸಿದ್ಧಾಂತ ನಿರೂಪಣೆಯಿಲ್ಲ, ಪೂರ್ವಪಕ್ಷವಿಲ್ಲ. ಯಾರೋ ಒಂದು ಮಾತು ಕೇಳಿದರು, ಇವನು ಒಂದು ಮಾತು ಹೇಳಿದನು, ಅಷ್ಟೇ. ಭಾಷ್ಯಗಳಲ್ಲಿ ಪಳಗಿದ ನಮ್ಮ ಪಂಡಿತರಿಗೆ ಇದು ಶಾಸ್ತ್ರವೆಂದೇ ತೋರಲಾರದು. ವಚನಗಳನ್ನು ಓದಿ ಅಭ್ಯಾಸವಾದ ಕನ್ನಡಿಗನಿಗಾದರೋ ದಾರಿ ಸುಲಭ. ಆಡಿದ ಮಾತಿನ ಧಾಟಿ, ಎದುರಿಗಿರುವವನ ಯೋಗ್ಯತೆಯನ್ನರಿತು ಬದಲಾಗುವ ಉತ್ತರ, ಮಧ್ಯೆ ಮಧ್ಯೆ ಸಣ್ಣ ಸಿಡುಕು, ಪ್ರಿಯಶಿಷ್ಯನು ಸತ್ತಾಗಿನ ಅಳಲು, ಇವೆಲ್ಲ ಅಲ್ಲಿವೆ. ಆದರೆ ವಚನಕಾರರ ಆರ್ತತೆಯಿಲ್ಲ. ದೇವರ ವಿಷಯ ಬಂದರೆ ಈತನು ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಾನೆ. ಮೊದಲ ಓದಿನಲ್ಲಿ ಪುಸ್ತಕವು ಸಪ್ಪೆಯೆನಿಸಿದರೆ ಓದುಗರು ಬೇಸರಪಡಬೇಕಾದುದಿಲ್ಲ. ಅದರ ರುಚಿ ನಾಲ್ಕನೆಯ ಓದಿನಲ್ಲಿ ಬರುವಂಥದು.

ಅವನ ಬೋಧೆಯ ಎರಡು ಮುಖ್ಯ ಪದಗಳಲ್ಲಿ ಮೊದಲನೆಯದನ್ನು ಮನುಷ್ಯತ್ವವೆನ್ನಬಹುದು. ಎರಡನೆಯದಾದ ‘ಲೀ’ ಎಂಬುದನ್ನು ಇಂಗ್ಲಿಷಿನವರು ವಿಧಿ, ಆಚಾರ, ಶಿಷ್ಟಾಚಾರ ಎಂಬ ಅರ್ಥದ ಹಲವು ಮಾತುಗಳಲ್ಲಿ ಹಿಡಿಯಲು ಹೆಣಗಿದ್ದಾರೆ. ನಮಗೆ ಅಷ್ಟು ಶ್ರಮವಿಲ್ಲ. ‘ಮರ್ಯಾದೆ’ ಎಂಬ ಮಾತಿದೆ. ಗೌರವವೂ ಮರ್ಯಾದೆ, ಎಲ್ಲೆಯೂ ಮರ್ಯಾದೆ. ಹಿರಿಯನಿಗೆ ಕಿರಿಯನು ಕೊಡುವುದು ಮರ್ಯಾದೆಯಾದರೆ, ಹಿರಿಯನು ಮೀರಬಾರದ ಗೆರೆಯೂ ಮರ್ಯಾದೆಯೇ. ದೊರೆ ದೊರೆಯಂತೆ, ಮಂತ್ರಿ ಮಂತ್ರಿಯಂತೆ, ತಂದೆ ತಂದೆಯಂತೆ, ಮಗ ಮಗನಂತೆ ಇರಬೇಕೆಂದು ಅವನು ಒಬ್ಬ ಅರಸನಿಗೆ ಹೇಳಿದ ಪ್ರಸಿದ್ಧ ಮಾತಿನ ಅಭಿಪ್ರಾಯವೂ ಇದೇ. ಕೇಳಿದ ಅರಸನು ಅದನ್ನು ಪ್ರಜೆಗಳಿಗೆ ಹಾಕಿದ ಕಟ್ಟೆಂದು ಸಂತೋಷಪಟ್ಟನು. ಮಾತಿನ ಆರಂಭವು ದೊರೆಯಿಂದಲೇ ಆಗಿದೆಯೆಂಬುದು ಅವನ ಲಕ್ಷ್ಯಕ್ಕೆ ಬಂದಂತಿಲ್ಲ.

ಈ ಗೆರೆಯನ್ನು ದೊರೆಯು ದಾಟಿದರೆ ಮಂತ್ರಿಯು ಮಾಡತಕ್ಕುದೇನು? ಪ್ರಭುವನ್ನು ವಂಚಿಸಬೇಡ, ಮುಖಕ್ಕೆ ಮುಖ ಕೊಟ್ಟು ವಿರೋಧಿಸು ಎಂಬುದು ಶಿಷ್ಯನೊಬ್ಬನಿಗೆ ಅವನು ಕೊಟ್ಟ ಬುದ್ಧಿವಾದ. ತನ್ನ ಮಾತಿಗೆ ಯಾರೂ ಎದುರು ಹೇಳದಿರುವುದೇ ಅರಸುತನದ ಸುಖವೆಂದು ತಿಳಿದ ದೊರೆಯ ತಪ್ಪು ಮಾತೊಂದೇ ರಾಜ್ಯವನ್ನು ಕೆಡಿಸೀತೆಂದು ಮತ್ತೊಂದು ಕಡೆ ಎಚ್ಚರಿಸಿದ್ದಾನೆ. ಇದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕಿದರೆ ತಟ್ಟನೆ ಸಿಗುವುದಿಲ್ಲ. ‘ಬುದ್ಧಿ ಹೇಳುವುದು’ ಮೇಲಿನಿಂದ ಕೆಳಕ್ಕೆ ಹರಿಯುವ ಮಾತು. ‘ಬಿನ್ನವಿಸುವುದು’ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಆದರೆ ಕೈ ಮುಗಿದುಕೊಂಡು. ‘ಎದುರಾಡುವುದು’ ಎಂದೊಡನೆ ಉದ್ಧಟತನದ ವಾಸನೆ. ಕೈಯನ್ನೂ ಮುಗಿದು ತಪ್ಪನ್ನೂ ತಪ್ಪೆನ್ನುವ ಈ ಕಾರ್ಯಕ್ಕೆ ‘ಬಿನ್ನಹ’ವೆಂಬ ಹಳೆಯ ಮಾತನ್ನೇ ಸ್ವಲ್ಪ ಬಿಗಿಮಾಡಿ ಬಳಸೋಣ.

ಕನ್‌ಫ್ಯೂಷಿಯಸನು ಸ್ವತಃ ಲೂ ಸಂಸ್ಥಾನದಲ್ಲಿ ನ್ಯಾಯಾಧಿಕಾರವನ್ನು ವಹಿಸಿದ್ದನು. ನೆರೆಯ ರಾಜ್ಯದವರು ನರ್ತಕಿಯರ ತಂಡವೊಂದನ್ನು ಕಾಣಿಕೆಯಾಗಿ ಕಳುಹಿಸಿದರು. ಮೂರು ದಿನ ಒಡ್ಡೋಲಗ ನಡೆಯಲಿಲ್ಲ. ಈತನು ಆಗಲೂ ಹೊರಡಲಿಲ್ಲ. ತರುವಾಯ ಒಂದು ಯಜ್ಞವಾಗಿ, ಪದ್ಧತಿಯಂತೆ ಅಧಿಕಾರಿಗಳ ಮನೆಗೆ ಬರಬೇಕಾಗಿದ್ದ ಪ್ರಸಾದ ಬರಲಿಲ್ಲ. ಅದನ್ನೇ ನೆಪಮಾಡಿ, ಮುಡಿಗೆಯನ್ನೂ ಕಳಚದೆ ಹೊರಟುಬಿಟ್ಟನು. ಪ್ರಸಾದಕ್ಕಾಗಿ ಮುನಿದನೆಂದು ಅರಿಯದವರು ನಕ್ಕರು. ಒಡೆಯನ ದೊಡ್ಡ ದೋಷವನ್ನು ಡಂಗುರ ಹೊಡೆಯದೆ, ಸಣ್ಣ ಲೋಪವೊಂದನ್ನು ಮುಂದಿಟ್ಟು ತೆರಳಿದನೆಂಬುದು ಮುಂದೆ ಮೆನ್ಷಿಯಸನು ಮಾಡಿದ ವಿವರಣೆ. ಬಿಟ್ಟು ಹೋಗುವಾಗಲೂ ಮರ್ಯಾದೆ! ಆಮೇಲೆ ಹದಿಮೂರು ಹದಿನಾಲ್ಕು ವರ್ಷ ಸಂಸ್ಥಾನದಿಂದ ಸಂಸ್ಥಾನಕ್ಕೆ ಅಲೆದನು. ಯಾವ ದೊರೆಯೂ ಅವನನ್ನು ಇಟ್ಟುಕೊಳ್ಳಲಿಲ್ಲ.

ಮೆನ್ಷಿಯಸನು ಇನ್ನೂ ಮುಂದೆ ಹೋಗಿ ಸೂತ್ರವನ್ನೇ ಕಟ್ಟಿದನು. ಮಂತ್ರಿಗಳಲ್ಲಿ ಎರಡು ಬಗೆ. ಅರಸನ ರಕ್ತಸಂಬಂಧಿಗಳಾದವರು ಮತ್ತೆ ಮತ್ತೆ ಬಿನ್ನೈಸಿದರೂ ಅವನು ಕೇಳದಿದ್ದರೆ ಅವನನ್ನು ಇಳಿಸಿ ಮತ್ತೊಬ್ಬನನ್ನು ಕೂರಿಸಬಹುದು. ಬೇರೆ ಮನೆತನದವರು ಬಿನ್ನೈಸಿ, ಕೇಳದಿದ್ದರೆ ರಾಜ್ಯವನ್ನು ಬಿಟ್ಟು ಹೋಗತಕ್ಕುದು. ಇದನ್ನು ಕೇಳಿದ ದೊರೆಯ ಮುಖ ಬಣ್ಣಗೆಟ್ಟಿತಂತೆ. ಕೆಡುಕನಾದ ದೊರೆಯನ್ನು ಕೊಂದರೆ ಅದು ರಾಜಹತ್ಯೆಯಲ್ಲ, ಒಬ್ಬ ದುಷ್ಟನ ವಧೆ ಎಂದೂ ಅವನು ಹೇಳಿದ್ದುಂಟು. ಹೆಸರಿಗೆ ತಕ್ಕ ನಡತೆ ಹೋದಮೇಲೆ ಹೆಸರೂ ಹೋಯಿತು ಎಂಬ ಗುರುವಿನ ತತ್ತ್ವವನ್ನು ಅದರ ಕೊನೆಯವರೆಗೆ ಎಳೆದರೆ ಬರುವುದು ಇದೇ.

ನಮ್ಮ ಕವಿಗಳಿಗೂ ಈ ತೊಡಕು ಅಪರಿಚಿತವಲ್ಲ. ಕುಮಾರವ್ಯಾಸನ ಸಭಾಪರ್ವದಲ್ಲಿ ಮಯನು ಕಟ್ಟಿದ ಸಭೆಗೆ ನಾರದನು ಬಂದು ರಾಜನೀತಿಯ ಪ್ರಶ್ನೆಗಳ ಮಳೆಯನ್ನೇ ಧರ್ಮರಾಯನ ಮೇಲೆ ಸುರಿಸುತ್ತಾನೆ. ಓದುವಾಗ ಉತ್ಸಾಹವಾಗುತ್ತದೆ, ಆದರೆ ಕೇಳುವವನು ದೇವಮುನಿ, ಹೋಗಿ ಬರುವವನು, ಅವನಿಗೆ ಆ ರಾಜ್ಯದಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ನಿಜವಾದ ಕಷ್ಟ ವಿದುರನದು. ಮೆನ್ಷಿಯಸನ ಸೂತ್ರದಂತೆ ಆತನು ರಕ್ತಸಂಬಂಧಿ, ಇಳಿಸಬಹುದಾಗಿತ್ತು. ಇಳಿಸಲಿಲ್ಲ. ಉದ್ಯೋಗಪರ್ವದಲ್ಲಿ ಬಿಲ್ಲನ್ನು ಮುರಿದು ಯುದ್ಧದಿಂದ ಹೊರಗಾದನು. ಅದು ಬಿಟ್ಟು ಹೋಗುವವನ ಮಾರ್ಗ.

ಇನ್ನು ಈ ಬೋಧೆಯು ಸರ್ಕಾರದ ಮತವಾದ ಬಗೆಯನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬೇಕು. ಕ್ರಿ. ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿಯು ಕಟುವಾದ ಕಾನೂನನ್ನೇ ನಂಬಿದವನು; 213ರಲ್ಲಿ ಹಳೆಯ ಗ್ರಂಥಗಳನ್ನು ಸುಡಿಸಿದನು. ಅನಂತರ ಬಂದ ಹಾನ್ ವಂಶದ ಊ ತೀ ಎಂಬ ಚಕ್ರವರ್ತಿಯು ಅವೇ ಗ್ರಂಥಗಳಿಗೆ ಆಸ್ಥಾನದಲ್ಲಿ ಪಂಡಿತಪೀಠಗಳನ್ನು ಏರ್ಪಡಿಸಿ, ಕ್ರಿ. ಪೂ. 124ರಲ್ಲಿ ಐವತ್ತು ಮಂದಿ ವಿದ್ಯಾರ್ಥಿಗಳೊಡನೆ ಒಂದು ಮಹಾಪಾಠಶಾಲೆಯನ್ನು ತೆರೆದನು. ಕ್ರಿ. ಶ. ಏಳನೆಯ ಶತಮಾನದ ಆರಂಭದ ಹೊತ್ತಿಗೆ ಪರೀಕ್ಷೆಗಳ ಪದ್ಧತಿ ಬಂದಿತು. ಸುಂಗ್ ವಂಶದ ಕಾಲಕ್ಕೆ ಅಧಿಕಾರಕ್ಕೆ ಅದೇ ರಾಜಮಾರ್ಗವಾಯಿತು. 1313ರ ಶಾಸನದಿಂದ ಚೂ ಷಿ ಎಂಬ ಭಾಷ್ಯಕಾರನ ಅರ್ಥವೇ ಪರೀಕ್ಷೆಗೆ ಪ್ರಮಾಣವೆನಿಸಿತು. 1905ರಲ್ಲಿ ಪರೀಕ್ಷೆಗಳು ರದ್ದಾಗುವವರೆಗೆ ಈ ಯಂತ್ರವು ತಿರುಗುತ್ತಲೇ ಇದ್ದಿತು.

ಯಂತ್ರವೆಂದುದು ಬೇಕೆಂದೇ. ರಾಜನನ್ನು ತಿದ್ದಲೆಂದು ಹುಟ್ಟಿದ ಗ್ರಂಥವನ್ನು ರಾಜನ ಚಾಕರಿಗೆ ಸೇರಲು ಬಾಯಿಪಾಠ ಮಾಡುವುದೆಂದರೆ ಅದರ ಹಲ್ಲು ಕಿತ್ತಂತೆಯೇ. ಮಿಂಗ್ ವಂಶದ ಸ್ಥಾಪಕನಾದ ಹುಂಗ್ ವೂ ಚಕ್ರವರ್ತಿಗೆ ಅಷ್ಟರಿಂದಲೂ ಸಮಾಧಾನವಾಗಲಿಲ್ಲ. ಬಡತನದಿಂದ ಮೇಲೆ ಬಂದ ಅವನು ಮೆನ್ಷಿಯಸನನ್ನು ತಾನೇ ಓದಿ ಕೆಂಡವಾದನು. ಮಂದಿರದಿಂದ ಆ ಮುನಿಯ ಸ್ಥಾನವನ್ನು ಕೆಲಕಾಲ ತೆಗೆಸಿದನು. 1394ರಲ್ಲಿ ಆ ಗ್ರಂಥದ ಎಂಬತ್ತೈದು ಭಾಗಗಳನ್ನು ಕಿತ್ತುಹಾಕಿಸಿ ಉಳಿದುದನ್ನು ಮಾತ್ರ ಪರೀಕ್ಷೆಗೆ ಇರಿಸಿದನು. ಯಾವ ವಿಮರ್ಶಕನೂ ಮೆನ್ಷಿಯಸನಿಗೆ ಇಷ್ಟು ನಿಷ್ಕೃಷ್ಟವಾದ ಮನ್ನಣೆ ಕೊಟ್ಟಿಲ್ಲ. ಹಾಗಿದ್ದರೂ ಬಿನ್ನಹದ ಬೇರು ಸಾಯಲಿಲ್ಲ. ಹದಿನಾರನೆಯ ಶತಮಾನದಲ್ಲಿ ಹೈ ರುಯಿ ಎಂಬ ಅಧಿಕಾರಿಯು ತನಗಾಗಿ ಶವಪೆಟ್ಟಿಗೆಯನ್ನು ಕೊಂಡಿಟ್ಟು ಚಕ್ರವರ್ತಿಯ ದೋಷಗಳನ್ನು ಬರೆದು ಕಳುಹಿಸಿದನು. ಸೆರೆಯಾಯಿತು, ಚಕ್ರವರ್ತಿ ಸತ್ತಮೇಲೆ ಬಿಡುಗಡೆಯಾಯಿತು. ಅವನೂ ಅದೇ ಗ್ರಂಥಗಳನ್ನು ಓದಿ ಬಂದವನೇ.

ಇದೆಲ್ಲ ದೂರದೇಶದ ಸಮಾಚಾರವೆಂದು ನಮ್ಮ ಮನೆಗಳವರು ತಿಳಿಯಬೇಕಾದುದಿಲ್ಲ. ಇಂಗ್ಲೆಂಡಿನಲ್ಲಿ ಸ್ಪರ್ಧಾ ಪರೀಕ್ಷೆಗಳ ಚರ್ಚೆ ನಡೆದಾಗ ಚೀನಾದ ಮಾದರಿಯು ಪರವಾಗಿಯೂ ವಿರುದ್ಧವಾಗಿಯೂ ಪ್ರಸ್ತಾಪಗೊಂಡಿತ್ತು. 1855ರಿಂದ ಇಂಡಿಯದ ಸಿವಿಲ್ ಸರ್ವೀಸಿಗೆ ಪರೀಕ್ಷೆ ಬಂದಿತು. ಮೈಸೂರಿನಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ, ನಮ್ಮದೇ ಸಿವಿಲ್ ಸರ್ವೀಸ್ ಪರೀಕ್ಷೆ ಆರಂಭವಾಯಿತು. ತುಮಕೂರಿನ ಮಗ್ಗುಲಿನ ಸತ್ಯಮಂಗಲದಂಥ ಊರಿನಲ್ಲಾಗಲಿ, ಗುಬ್ಬಿ ಕುಣಿಗಲುಗಳ ಸೀಮೆಯಲ್ಲಾಗಲಿ ಸರ್ಕಾರವೆಂದರೆ ವಂಶಪಾರಂಪರ್ಯದ ಶಾನುಭೋಗರು ಮತ್ತು ಪಟೇಲರು. 1961ರ ಕಾನೂನು ಬರುವವರೆಗೂ ಹಾಗೆಯೇ. ಅವರ ಮೇಲೆ, ಪರವೂರಿನಿಂದ ವರ್ಗವಾಗಿ ಬಂದು ಮತ್ತೆ ವರ್ಗವಾಗಿ ಹೋಗುವ ಅಮಲ್ದಾರರು. ಚೀನಾದಲ್ಲಿಯೂ ಇದೇ ನೋಟ: ಪರೀಕ್ಷೆಯಲ್ಲಿ ಗೆದ್ದ ಅಧಿಕಾರಿಯನ್ನು ಸ್ವಂತ ಪ್ರಾಂತದಲ್ಲಿ ನೇಮಿಸುತ್ತಿರಲಿಲ್ಲ, ಅವನು ಊರಿನ ಗುಮಾಸ್ತರನ್ನೂ ಹಿರಿಯ ಮನೆತನಗಳನ್ನೂ ನೆಚ್ಚಿ ಕೆಲಸ ನಡಸುತ್ತಿದ್ದನು.

ಇನ್ನೊಂದು ಸಾಮ್ಯ ಇದಕ್ಕಿಂತಲೂ ತೀಕ್ಷ್ಣವಾದುದು. ಪರೀಕ್ಷೆಯು ಎಲ್ಲರಿಗೂ ತೆರೆದ ಬಾಗಿಲೆಂದು ಅಲ್ಲಿಯೂ ಹೇಳುತ್ತಿದ್ದರು. ಆದರೆ ಹೆಂಗಸರಿಗೆ ಅದು ಎಂದೂ ತೆರೆಯಲಿಲ್ಲ; ಮನೆಯಲ್ಲಿ ಪುಸ್ತಕವೂ ಹೊಲದ ಕೆಲಸದಿಂದ ಬಿಡುವೂ ಇದ್ದವರ ಮಕ್ಕಳೇ ಹೆಚ್ಚಾಗಿ ಒಳಹೋಗುತ್ತಿದ್ದರು. 1397ರಲ್ಲಿ ತೇರ್ಗಡೆಯಾದವರೆಲ್ಲರೂ ದಕ್ಷಿಣದವರೇ ಆದಾಗ ದೊಡ್ಡ ಗುಲ್ಲೆದ್ದಿತು, ಪರೀಕ್ಷಕರ ತಲೆಗಳೇ ಉರುಳಿದವು. 1420ರ ದಶಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಇಂತಿಷ್ಟೆಂದು ಸ್ಥಾನಗಳನ್ನು ಗೊತ್ತುಮಾಡಿದರು. ಮೈಸೂರಿನಲ್ಲಿ ಒಂದೇ ವರ್ಗದವರು ಕಚೇರಿಗಳನ್ನು ತುಂಬಿದರೆಂಬ ಆಕ್ಷೇಪದಿಂದ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದುದನ್ನೂ, ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟುದನ್ನೂ ಬಲ್ಲವರಿಗೆ ಆ ಐನೂರು ವರ್ಷ ಹಳೆಯ ಜಗಳವು ನೆರೆಮನೆಯದೆನಿಸೀತು. ಸ್ಪರ್ಧೆಯಲ್ಲಿ ಗೆದ್ದ ಯೋಗ್ಯತೆಯೊಂದೇ ಸಾಕೆಂದು ವಾದಿಸುವವರು ಚೀನಾದ ಹೆಸರನ್ನು ಎತ್ತುವ ಮೊದಲು ಚೀನಾದವರೇ ಅದನ್ನು ಸಾಲದೆಂದು ಕಂಡುಕೊಂಡರೆಂಬುದನ್ನು ನೆನೆಯುವುದು ಒಳ್ಳೆಯದು.

ಆ ಮೈಸೂರು ಸಿವಿಲ್ ಸರ್ವೀಸಿನಲ್ಲಿ ಸುಮಾರು ಮೂವತ್ತು ವರ್ಷ ದುಡಿದವರು ಮಾಸ್ತಿಯವರು. ‘ಚಿಕವೀರ ರಾಜೇಂದ್ರ’ವು ಕೊಡಗಿನ ಕೊನೆಯ ಅರಸನ ಕಥೆ, 1820ರಿಂದ 1834ರವರೆಗಿನ ಆಳ್ವಿಕೆ. ಇದಕ್ಕೆ ಜ್ಞಾನಪೀಠ ಪ್ರಶಸ್ತಿ ಬಂದ 1983ರಿಂದ ಈಚೆಗೆ ಹೊಗಳಿಕೆಗೆ ಕೊರತೆಯಿಲ್ಲ. ಸಾಮಾನ್ಯವಾಗಿ ಹೇಳುವುದೇನೆಂದರೆ, ಇದು ವಿಷಯಲಂಪಟನಾದ ಅರಸನೊಬ್ಬನ ಅಧಃಪತನದ ಚಿತ್ರವೆಂದು. ಆ ಮಾತು ಪುಸ್ತಕದ ಹೆಸರನ್ನು ನೋಡಿ ಹೇಳಿದ್ದು. ಅರಸನು ಮೊದಲ ಪುಟಗಳಲ್ಲಿಯೇ ಕೆಟ್ಟಿದ್ದಾನೆ. ಅವನು ಬೀಳಲು ಇನ್ನೇನೂ ಉಳಿದಿಲ್ಲ. ಕಾದಂಬರಿಯಲ್ಲಿ ನಿಜವಾಗಿ ನಡೆಯುವುದೆಲ್ಲ ಅವನ ಸುತ್ತಲಿನವರ ಮನಸ್ಸಿನಲ್ಲಿ. ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಎಂಬ ಇಬ್ಬರು ಮಂತ್ರಿಗಳು ಇಂಥ ಒಡೆಯನ ಕೆಳಗೆ ಹೇಗೆ ಮಂತ್ರಿಗಳಾಗಿರುವುದು ಎಂಬುದೇ ಇದರ ವಸ್ತು.

ಮಾಸ್ತಿಯವರು ಕನ್‌ಫ್ಯೂಷಿಯಸನನ್ನು ನೆನೆದು ಬರೆದರೆಂದು ಈ ಲೇಖಕನು ಹೇಳುತ್ತಿಲ್ಲ. ಒಂದೇ ಬಗೆಯ ಅನುಭವವು ಒಂದೇ ಬಗೆಯ ಪ್ರಶ್ನೆಯನ್ನು ಹುಟ್ಟಿಸುತ್ತದೆ. ‘ಹೆಸರು ಸರಿಯಾಗಬೇಕು’ ಎಂಬ ಆ ಚೀನೀ ತತ್ತ್ವಕ್ಕೆ ಕುಂಟ ಬಸವನಿಗಿಂತ ಉತ್ತಮವಾದ ಉದಾಹರಣೆ ನಮ್ಮ ಸಾಹಿತ್ಯದಲ್ಲಿ ದೊರೆಯದು. ಅರಮನೆಯ ಚಾಕರನು ದೊರೆಯ ದುರ್ವ್ಯಸನಗಳಿಗೆ ಸಹಾಯಕನಾಗಿ ಮಂತ್ರಿಯೆನಿಸಿಕೊಳ್ಳುತ್ತಾನೆ. ಹೆಸರು ಮಂತ್ರಿ, ಕೆಲಸ ಬೇರೆ. ಆದರೂ ಗಮನಿಸಬೇಕು: ಇಡೀ ಕಾದಂಬರಿಯಲ್ಲಿ ಅರಸನಿಗೆ ಒಂದು ದಿನವೂ ಎದುರಾಡದ, ತನ್ನದೆಂಬುದನ್ನೆಲ್ಲ ಅವನಿಗೊಪ್ಪಿಸಿದ ಸೇವಕನು ಈತನೇ. ವಿಧೇಯತೆಯೇ ಸ್ವಾಮಿಭಕ್ತಿಯಾಗಿದ್ದರೆ ಬಸವನೇ ಆದರ್ಶಮಂತ್ರಿ. ಆ ಭಕ್ತಿಯಿಂದಲೇ ಮನೆ ಹಾಳಾಗುತ್ತದೆ. ಮಾಸ್ತಿಯವರು ಅವನನ್ನು ಬರಿಯ ಖಳನನ್ನಾಗಿ ಮಾಡಲಿಲ್ಲ. ಅವನ ಪ್ರೀತಿಯು ನಿಜವಾದುದೆಂದು ಒಪ್ಪಿ, ಆ ಪ್ರೀತಿಗೆ ಬಾಯಿಲ್ಲವೆಂಬುದನ್ನು ತೋರಿಸಿದರು. ಇದು ದೊಡ್ಡ ಲೇಖಕನ ಕೆಲಸ.

ಬೋಪಣ್ಣನ ವಿಚಾರದಲ್ಲಿ ಮೆನ್ಷಿಯಸನ ಸೂತ್ರವನ್ನು ಹಚ್ಚಿ ನೋಡೋಣ. ಅರಸನು ಹಾಲೇರಿ ವಂಶದ ಲಿಂಗವಂತ; ಮಂತ್ರಿಗಳಲ್ಲಿ ಒಬ್ಬ ಕೊಡವ, ಒಬ್ಬ ಬ್ರಾಹ್ಮಣ. ಇಬ್ಬರೂ ಬೇರೆ ಮನೆತನದವರು. ಸೂತ್ರದಂತೆ ಇಬ್ಬರೂ ಬಿನ್ನೈಸಿ, ಕೇಳದಿದ್ದರೆ ಹೊರಟುಹೋಗತಕ್ಕವರು. ರಕ್ತಸಂಬಂಧದವರಿಗೆ ಇಳಿಸುವ ಅಧಿಕಾರ. ಆ ಪಕ್ಷದಲ್ಲಿ ಅರಸನ ತಂಗಿ ದೇವಮ್ಮಾಜಿಯೂ ಭಾವಮೈದುನ ಚನ್ನಬಸವಯ್ಯನೂ ಇದ್ದಾರೆ. ಆದರೆ ನಡೆಯುವುದೇನು? ನಂಟರಾದವರು ತಲೆ ಉಳಿಸಿಕೊಳ್ಳಲು ಗಡಿ ದಾಟುತ್ತಾರೆ. ನಂಟನಲ್ಲದ ಬೋಪಣ್ಣನು ನಿಂತು ಅರಸನನ್ನು ಇಳಿಸುತ್ತಾನೆ. ಸೂತ್ರವು ತಲೆಕೆಳಗಾಯಿತು. ಏಕೆಂದರೆ ಬೋಪಣ್ಣನಿಗೆ ಹೋಗಲು ಬೇರೊಂದು ನಾಡಿಲ್ಲ. ಚೀನಾದ ಪಂಡಿತನು ಲೂ ಬಿಟ್ಟರೆ ವೇಯಿ, ವೇಯಿ ಬಿಟ್ಟರೆ ಚೆನ್ ಎಂದು ಹೋಗಬಹುದಾಗಿತ್ತು. ಅವನ ಗಂಟು ಅವನ ವಿದ್ಯೆ. ಕೊಡವನ ಗಂಟು ಅವನ ಐನ್‌ಮನೆ, ಅವನ ಗದ್ದೆ, ಅವನ ತಕ್ಕರು. ಹಾಲೇರಿಯವರೇ ಹೊರಗಿನಿಂದ ಬಂದವರೆಂದು ಪ್ರತೀತಿ. ಬಂದ ಅರಸನು ಹೋಗಬಹುದು, ಇದ್ದ ಮಂತ್ರಿ ಹೋಗುವುದೆಲ್ಲಿಗೆ? ಕಡೆಗೆ ಹಾಗೆಯೇ ಆಯಿತು. 1834ರ ಏಪ್ರಿಲಿನಲ್ಲಿ ಕಂಪೆನಿಯ ಸೈನ್ಯವು ಮಡಿಕೇರಿಗೆ ಬಂದಿತು. ಅರಸನು ಕಾಶಿಗೂ, 1852ರಲ್ಲಿ ಮಗಳೊಡನೆ ಇಂಗ್ಲೆಂಡಿಗೂ ಹೋಗಿ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು.

ಈ ಕಾದಂಬರಿಯ ಗದ್ಯವನ್ನು ಕೆಲವರು ನೀರಸವೆನ್ನುತ್ತಾರೆ. ಕಚೇರಿಯ ವರದಿಯಂತೆ ಅಲಂಕಾರವಿಲ್ಲದೆ ಸಾಗುತ್ತದೆಂಬುದು ನಿಜ. ಕೊಲೆಯನ್ನೂ ಊಟವನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ. ಆದರೆ ತಾನು ಕಂಡುದಕ್ಕೆ ಹೆಚ್ಚು ಬರೆಯಬಾರದೆಂಬ ಅಧಿಕಾರಿಯ ಮರ್ಯಾದೆಯೇ ಇಲ್ಲಿ ಕಲೆಯಾಗಿದೆ. ಇಬ್ಬರು ಮಂತ್ರಿಗಳು ಒಬ್ಬರ ಮನಸ್ಸನ್ನೊಬ್ಬರು ತಡವಿ ನೋಡುವ, ಅರ್ಧ ಹೇಳಿ ಅರ್ಧ ನುಂಗುವ ಮಾತುಕತೆಗಳನ್ನು ಸರ್ಕಾರದ ಕೊಠಡಿಗಳಲ್ಲಿ ಕೂತು ಅನುಭವವಿಲ್ಲದವರು ಬರೆಯಲಾರರು. ದೋಷಗಳೂ ಇವೆ. ರಾಣಿ ಗೌರಮ್ಮಾಜಿಯು ಅತಿ ನಿರ್ದೋಷಿಯಾಗಿ, ಓದುಗನ ಕನಿಕರಕ್ಕಿಂತ ಹೆಚ್ಚಾಗಿ ಅವನ ನಮಸ್ಕಾರವನ್ನು ಪಡೆಯುತ್ತಾಳೆ. ಹೊಲ ಉಳುವ ಕೊಡಗಿನವನ ದನಿ ತಕ್ಕರ ಬಾಯಿಂದಲ್ಲದೆ ನಮಗೆ ಕೇಳುವುದು ಅಪರೂಪ. ಕೊನೆಯಲ್ಲಿ, ಕೆಟ್ಟ ಅರಸನನ್ನು ಇಳಿಸಿ ಪರದೇಶದ ವರ್ತಕರ ಕೈಗೆ ನಾಡನ್ನು ಕೊಟ್ಟುದರಲ್ಲಿರುವ ಕಹಿಯನ್ನು ಲೇಖಕರು ಪೂರ್ತಿ ಕುಡಿಸುವುದಿಲ್ಲ. ಬೋಪಣ್ಣನ ಸದುದ್ದೇಶವು ಆ ಲೋಟದ ಮೇಲೆ ಮುಚ್ಚಳವಾಗಿ ಕೂರುತ್ತದೆ. ಒಳ್ಳೆಯ ಆಡಳಿತವಿದ್ದರೆ ಆಳುವವನು ಯಾರಾದರೇನು ಎಂಬ ಮಾತು ದೀರ್ಘಕಾಲ ಆಡಳಿತ ನಡಸಿದವರ ಮನಸ್ಸಿಗೆ ಸಹಜವಾಗಿ ಬರುವಂಥದು. ಚೀನಾದ ಪಂಡಿತ ಅಧಿಕಾರಿಗಳೂ ಮಂಗೋಲರಿಗೆ, ಆಮೇಲೆ ಮಂಚೂಗಳಿಗೆ ಹಾಗೆಯೇ ಸೇವೆ ಸಲ್ಲಿಸಿದರು. ಕೆಲವರು ಮಾತ್ರ ಒಲ್ಲೆನೆಂದು ಬೆಟ್ಟ ಸೇರಿದರು.

ಚರಿತ್ರೆಯು ಕಾದಂಬರಿಯ ಕೊನೆಯ ಪುಟದಲ್ಲಿ ನಿಲ್ಲಲಿಲ್ಲ. ಮೂರು ವರ್ಷಗಳಲ್ಲಿ, 1837ರಲ್ಲಿ, ಸುಳ್ಯದ ಸೀಮೆಯಿಂದ ಕಲ್ಯಾಣಪ್ಪನ ಹೆಸರಿನ ದಂಗೆ ಎದ್ದು ಮಂಗಳೂರಿನವರೆಗೆ ಹೋಯಿತು. ದಿವಾನ ಬೋಪು ಕಂಪೆನಿಯ ಪರವಾಗಿ ನಿಂತು ಅದನ್ನಡಗಿಸಲು ನೆರವಾದನು. ದಿವಾನ ಲಕ್ಷ್ಮೀನಾರಾಯಣನು ದಂಗೆಯವರೊಡನೆ ಸೇರಿದ್ದನೆಂಬ ಅನುಮಾನದ ಮೇಲೆ ಸೆರೆಯಾದನು. ಅರಸನ ಮುಂದೆ ಜೊತೆಯಾಗಿ ನಿಂತು ಬಿನ್ನೈಸಿದ್ದ ಇಬ್ಬರು, ಹೊಸ ಒಡೆಯನ ಎದುರಿನಲ್ಲಿ ಜೊತೆಯಾಗಿ ನಿಲ್ಲಲಿಲ್ಲ.